ತೊಂಬತ್ತರ ಕಾಲುಗಳು

ಎಂಬತ್ತು ದಾಟಿ, ಸಕ್ಕರೆ ಕಾಯಿಲೆಯಿಂದ ಆಸ್ಪತ್ರೆ ಸೇರಿದವರಿಗೆ ಮಂಚದ ಪಕ್ಕದಲ್ಲೇ ವ್ಯಾಯಾಮ ಮಾಡಿಸೋದು ನನ್ನ ಕೆಲಸ. ಮಲಗಿದ್ದಷ್ಟೂ ಕಾಲಿನ ಶಕ್ತಿ ಇಳಿಯುತ್ತೆ, ಅದಕ್ಕೇ ಎಬ್ಬಿಸ್ತೀನಿ. ಚಿಂತಾಮಣಿಗೆ ಬಂದು ಹನ್ನೊಂದು ವರ್ಷವಾದರೂ, ಪಾಠ ಹೇಳೋಕೆ ಹೋಗಿ ಹೇಳಿಸಿಕೊಂಡು ಬರೋದು ಮಾತ್ರ ತಪ್ಪಿಲ್ಲ.

ಎದ್ದ ಮೇಲೆ?

ಶಿಡ್ಲಘಟ್ಟದ ಅಜ್ಜಿಗೆ ಎಂಬತ್ತೇಳು. ಆಯಸ್ಸೆಲ್ಲ ಗೂಡಿನಿಂದ ರೇಷ್ಮೆ ನೂಲು ತೆಗೆದವರು. "ಕೈ ಊರದೆ ಕುರ್ಚಿಯಿಂದ ಎದ್ದು ಕೂತ್ಕೊಳ್ಳಿ, ಐದು ಸಲ" ಅಂದೆ. ಮೊದಲ ದಿನ ಒಂದೇ ಸಲಕ್ಕೆ ಸಾಕು ಅಂದರು. ನಾಲ್ಕನೇ ದಿನ ಸಲೀಸಾಗಿ ಎದ್ದರು. ಕೂರಲಿಲ್ಲ.

"ಕೂತ್ಕೊಳ್ಳಿ ಅಜ್ಜಿ."

"ಊರಿಕೇ, ಸುಮ್ನೆ ಕೂರೋಕಾ ಇಷ್ಟು ಕಷ್ಟಪಟ್ಟು ಎದ್ದಿದ್ದು? ಏನಾದ್ರೂ ಕೆಲಸ ಹೇಳಮ್ಮ."

ಅಷ್ಟರಲ್ಲೇ ಅಜ್ಜಿ, ನಾನು ಮಡಿಸಿಟ್ಟಿದ್ದ ಹೊದಿಕೆ ಬಿಡಿಸಿ, ನಿಂತುಕೊಂಡೇ ಮತ್ತೆ ನೀಟಾಗಿ ಮಡಿಸಿದರು. "ನಾಳೆಯಿಂದ ನೀನೂ ಐದು ಸಲ ಮಾಡು, ಬರುತ್ತೆ."

ಯಾರು ಹತ್ತೋರು?

ಮುರುಗಮಲ್ಲದ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ತಾತ ಊಟವಾದ ಮೇಲೆ ವಾಕರ್ ಹಿಡಿದು ವಾರ್ಡಿನುದ್ದ ನಡೆಯಬೇಕಿತ್ತು. ಒಬ್ಬರೇ ನಡೆಯೋಕೆ ಬೇಜಾರು. ಮಂಚ ಮಂಚದ ಹತ್ತಿರ ನಿಂತು, "ಯಾರಾದ್ರೂ ಹತ್ತೋರಿದೀರಾ?" ಅಂತ ಕೇಳೋರು. ನಾನು ಎಷ್ಟು ಬೇಡಿದರೂ ಏಳದಿದ್ದ ಇಬ್ಬರು ಎದ್ದು ಅವರ ಹಿಂದೆ ಹೊರಟರು. ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ನರ್ಸ್ ಜೊತೆ ಮಾತಾಡ್ತಿದ್ದರು.

"ಬಾಗಿಲಲ್ಲಿ ನಿಲ್ಬೇಡಿ ಸ್ವಾಮಿ, ಒಳಗೆ ಹೋಗಿ, ಒಳಗೆ ಹೋಗಿ."

ಡಾಕ್ಟರು ಗಡಿಬಿಡಿಯಲ್ಲಿ ಒಳಗೆ ಬಂದು ಖಾಲಿ ಮಂಚದ ಮೇಲೆ ಕೂತುಬಿಟ್ಟರು.

ನಾಲ್ಕು ಮೆಟ್ಟಿಲು

ಗೌರಿಬಿದನೂರಿನ ಅಜ್ಜಿಗೆ ತೊಂಬತ್ತೊಂದು. ಕಾಲಿನ ಹುಣ್ಣು ಮಾಯುವವರೆಗೆ ಮೂರು ವಾರ ಮಂಚ ಬಿಟ್ಟಿರಲಿಲ್ಲ. ಮನೆ ಬಾಗಿಲಿಗೆ ನಾಲ್ಕು ಮೆಟ್ಟಿಲು. "ಇನ್ನು ಎತ್ಕೊಂಡೇ ಓಡಾಡಿಸ್ಬೇಕು" ಅಂತ ಎಪ್ಪತ್ತು ವರ್ಷದ ಮಗ ಕಣ್ಣು ಒರೆಸಿಕೊಂಡರು. ಅಜ್ಜಿಗೆ ಅದು ಚುಚ್ಚಿತು. "ನನ್ನನ್ನ ಯಾರೂ ಎತ್ತೋದು ಬೇಡ" ಅಂದವರು, ದಿನಾ ಬೆಳಿಗ್ಗೆ ನನಗಿಂತ ಮೊದಲೇ ಮಂಚದ ಅಂಚಿಗೆ ಬಂದು ಕೂತಿರೋರು. ಮಗ ಮಾತ್ರ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಮನೆಗೆ ಕಳಿಸುವ ದಿನ ಮೆಟ್ಟಿಲ ಪರೀಕ್ಷೆ. ಅಜ್ಜಿ ಕಂಬಿ ಹಿಡಿದು ಒಂದೊಂದೇ ಹತ್ತಿದರು. ಬಿದ್ದರೆ ಹಿಡಿಯೋಣ ಅಂತ ಮಗ ಹಿಂದೆಯೇ ಹತ್ತಿದರು. ಅಜ್ಜಿ ನಾಲ್ಕನೆಯದರ ಮೇಲೆ ನಿಂತು ತಿರುಗಿ ನೋಡಿದರೆ, ಮಗ ಎರಡನೆಯದರ ಮೇಲೆ ಏದುಸಿರು ಬಿಡುತ್ತಾ ಕೂತಿದ್ದಾರೆ.

ಅಜ್ಜಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನನ್ನ ಮಂಚ ಖಾಲಿ ಆಯ್ತಲ್ಲಮ್ಮ, ಇವನನ್ನ ಅದರಲ್ಲಿ ಮಲಗಿಸ್ಕೊ. ಪಾಪ, ವಯಸ್ಸಾಗಿದೆ."