ಬೀಗರ ಕೈಗೆ ಬೀಗದ ಕೈ

"ಇನ್ಮೇಲೆ ಈ ಮನೇಲಿ ಸೊಳ್ಳೆ ಕುಡಿಯೋ ರಕ್ತದಷ್ಟು ಕರೆಂಟಲ್ಲಿ ಒಂದು ಕಾರ್ಖಾನೆ ನಡೆಯುತ್ತೆ, ನೋಡ್ತಾ ಇರು!"

ಸುರುಳಿ ಮಾವ ಊಟದ ಮೇಜು ಗುದ್ದಿ ಹೀಗೆ ಘೋಷಿಸಿದಾಗ ಅವರ ಹೆಂಡತಿ ನೀರಿನ ಲೋಟ ಹಿಡಿದುಕೊಂಡರು. ಗಂಡನನ್ನು ಹಿಡಿದುಕೊಳ್ಳುವುದು ಆಗದ ಕೆಲಸವೆಂದು ಮದುವೆಯಾದ ವರ್ಷವೇ ಅವರಿಗೆ ತಿಳಿದಿತ್ತು.

ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ತಲೆ ನರೆತ ಮನುಷ್ಯ ಸುರುಳಿ ಮಾವ. ಓದಿ ಕಲಿತದ್ದು ಕಡಿಮೆ, ಬಿಚ್ಚಿ ಕಲಿತದ್ದು ಹೆಚ್ಚು. ಮಾತನ್ನೂ ತಂತಿಯಂತೆ ಸುತ್ತಿಯೇ ಹೇಳುತ್ತಿದ್ದುದರಿಂದ ಬಂಧುಬಳಗವೆಲ್ಲ ಆ ಹೆಸರನ್ನೇ ಖಾಯಂ ಮಾಡಿತ್ತು.

ಈಗ ಅವರು ಹೇಳುತ್ತಿದ್ದ ಕಾರ್ಖಾನೆ, ಯಾವುದೋ ಕಚೇರಿಯವರು ಬಿಸಾಡಿದ್ದ ಒಂದು ಪುಟ್ಟ ಕಂಪ್ಯೂಟರ್. ಊಟದ ಡಬ್ಬಿಯಷ್ಟು ಗಾತ್ರ. ಒಳಗೆ ಫ್ಯಾನೂ ಇಲ್ಲ, ಸದ್ದೂ ಇಲ್ಲ. ಅದನ್ನು ಹಗಲೂ ರಾತ್ರಿ ಉರಿಯುವ ಮನೆ ಸರ್ವರ್ ಮಾಡಬೇಕೆಂಬುದು ಅವರ ಪಣ. ಕಾರಣವೂ ಇತ್ತು. ಹೆಂಡತಿಯ ಅಕ್ಕನಿಗೆ ಕಣ್ಣು ಹೋಗಿತ್ತು. ಬೇರೆ ಊರಿನಲ್ಲಿ ಮಗನ ಮನೆಯಲ್ಲಿದ್ದರು; ಮಧ್ಯಾಹ್ನವೆಲ್ಲ ಒಬ್ಬರೇ. ಆ ಹೊತ್ತಿಗೆ ತಂಗಿಗೆ ಹೊಲಿಗೆ ತರಗತಿ. ಹಾಗಾಗಿ ತಂಗಿ ಬೆಳಿಗ್ಗೆಯೇ ಒಂದು ದಪ್ಪ ಕಾದಂಬರಿಯಿಂದ ಒಂದಿಷ್ಟು ಪುಟ ಓದಿ ಧ್ವನಿ ತುಂಬಿಸಿಡುವುದು, ಅದು ಡಬ್ಬಿಯಲ್ಲಿ ಕೂರುವುದು, ಮಧ್ಯಾಹ್ನ ಅಕ್ಕ ತಮ್ಮ ಫೋನಿನಲ್ಲಿ ಒಂದೇ ಒಂದು ಗುಂಡಿ ಒತ್ತಿ ಕೇಳುವುದು. ಆ ಗುಂಡಿ ಮತ್ತು ಬಂದ ಕರೆ ಎತ್ತುವುದು ಬಿಟ್ಟರೆ ಫೋನಿನ ಬೇರೆ ವಿದ್ಯೆ ಅಕ್ಕನಿಗೆ ಒಲಿದಿರಲಿಲ್ಲ.

ಕಥೆಗಳನ್ನು ಇಡಲು ದೊಡ್ಡ ಡಿಸ್ಕೊಂದು ಸಿದ್ಧವಿತ್ತು. ಉಳಿದದ್ದು ಒಂದೇ ಪ್ರಶ್ನೆ: ಡಬ್ಬಿಯನ್ನು ನಿದ್ದೆಯಿಂದ ಎಬ್ಬಿಸುವ ಬೂಟ್ ಡ್ರೈವ್ ಯಾವುದು?

ಹೆಂಡತಿಯ ಜೊತೆ ಭಾವಮೈದನ ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳಿದರು; ಅವನು ಒಂದೇ ಉಸಿರಿಗೆ ಹೇಳಿದ. "ಭಾವ, ಒಳಗೇ ಕೂರೋ ಚಿಕ್ಕದೊಂದು ಎಸ್‌ಎಸ್‌ಡಿ ಡಿಸ್ಕು ಹಾಕ್ಬಿಡಿ. ಹತ್ತು ವರ್ಷ ತಿರುಗಿ ನೋಡ್ಬೇಡಿ."

"ಅದೂ ಕರೆಂಟು ಕುಡಿಯುತ್ತಲ್ಲೋ?"

"ಒಂದು ಹನಿ, ಭಾವ."

"ಹನಿ ಹನಿಗೂಡಿದ್ರೆ ಹಳ್ಳ! ಮೆಮೊರಿ ಕಾರ್ಡು?"

"ಉಗುರಿನಷ್ಟಿದೆ. ನೀವು ಸೀನಿದ್ರೆ ಹಾರಿಹೋಗುತ್ತೆ."

"ಪೆನ್‌ಡ್ರೈವ್?"

"ಕೆಲಸ ಮಾಡುತ್ತೆ. ಆದ್ರೆ ಡಬ್ಬಿ ಎದ್ದಮೇಲೂ ಅದರ ಮೇಲೆ ಏನಾದ್ರೂ ಗೀಚ್ತಾನೇ ಇರುತ್ತೆ, ಬೇಗ ಸವೆಯುತ್ತೆ. ಅದೂ ಅಲ್ದೆ ಬಾಲದ ಥರ ಹೊರಗೆ ನೇತಾಡ್ತಿರುತ್ತೆ. ಯಾರಾದ್ರೂ ಕಿತ್ತರೆ?"

"ನನ್ನ ಮನೇಲಿ ಯಾರೋ ಕೀಳೋರು?" ಸುರುಳಿ ಮಾವ ಮೀಸೆ ತಿರುವಿದರು. "ಬೆಳಿಗ್ಗೆ ಕೋಳಿ ಕೂಗಿ ಊರೆಲ್ಲ ಎಬ್ಬಿಸುತ್ತೆ. ಅದಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ? ಎಬ್ಬಿಸೋದೂ ಒಂದು ಕೆಲಸಾನಾ?"

ದಿನಾ ಬೆಳಿಗ್ಗೆ ಆ ಮನೆಯನ್ನು ಎಬ್ಬಿಸುತ್ತಿದ್ದ ಹೆಂಡತಿ ಒಮ್ಮೆ ಗಂಡನ ಮುಖ ನೋಡಿದರು.

ಹಿಂದೊಮ್ಮೆ ಪಂಪುಸೆಟ್ ಕಂಪನಿಯೊಂದರ ಸಭೆಯಲ್ಲಿ ಪುಕ್ಕಟೆ ಹಂಚಿದ್ದ ಪೆನ್‌ಡ್ರೈವ್ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಥೇಟ್ ಬೀಗದ ಕೈ ಆಕಾರ, ಹಿತ್ತಾಳೆ ಬಣ್ಣ, ತುದಿಯಲ್ಲಿ ತೂತು. ಅದನ್ನೇ ಡಬ್ಬಿಯ ಹೊಟ್ಟೆಗೆ ಚುಚ್ಚಿದರು. ಇಂಟರ್ನೆಟ್ಟಿನ ತಂತಿ ಬರುತ್ತಿದ್ದದ್ದು ಮುಂಬಾಗಿಲ ಪಕ್ಕದ ಗೂಡಿಗೆ; ಡಬ್ಬಿಯೂ ಅಲ್ಲೇ ಕುಳಿತಿತು. ಮಧ್ಯಾಹ್ನ ಅಕ್ಕ ಗುಂಡಿ ಒತ್ತಿದರು. ಕಥೆ ಬಂತು! ಸುರುಳಿ ಮಾವನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೂ ತಾನಾಗಿ ಒತ್ತಿಕೊಂಡಿತು.

ಹೀಗೆ ದಿನಗಳು ಸುಖವಾಗಿ ಉರುಳುತ್ತಿದ್ದಾಗ ಬೀಗರು ಬಂದರು. ಬೀಗರೆಂದರೆ ಮಗಳ ಮಾವ. ಗೋದಾಮಿನ ಉಸ್ತುವಾರಿ ನೋಡಿ ನಿವೃತ್ತರಾದವರು. ಹೊರಗೆ ಹೊರಟರೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುವ ಜಾತಿ. ಊರಿನಲ್ಲಿ ಏನೋ ಕೆಲಸ ಮುಗಿಸಿ ರಾತ್ರಿ ಉಳಿದರು. ಊಟವಾದ ಮೇಲೆ ಸುರುಳಿ ಮಾವ ಅವರನ್ನು ಡಬ್ಬಿಯೆದುರು ಕೂರಿಸಿ, ವಿದ್ಯುತ್ತು ಎಂದರೇನು ಎಂಬಲ್ಲಿಂದ ಸುತ್ತತೊಡಗಿದರು. ಸುರುಳಿ ಇನ್ನೂ ಪೆನ್‌ಡ್ರೈವಿನ ಹತ್ತಿರ ಬಂದಿರಲಿಲ್ಲ, ಬೀಗರು ಕೂತಲ್ಲೇ ಗೊರಕೆ ಹೊಡೆದರು.

ಬೆಳಿಗ್ಗೆ ಬೀಗರು ಊರಿಗೆ ಹೋದರು. ಎರಡು ದಿನ ಅಕ್ಕ ಕಥೆ ಕೇಳಿದರು. ಮೂರನೆಯ ದಿನ ಕರೆಂಟು ಹೋಗಿ ಬಂತು. ಮನೆಯ ದೀಪ ಎದ್ದಿತು, ಫ್ಯಾನ್ ಎದ್ದಿತು. ಡಬ್ಬಿ ಮಾತ್ರ ಏಳಲಿಲ್ಲ.

ಸಂಜೆ ಹೆಂಡತಿ ಅಕ್ಕನಿಗೆ ಫೋನ್ ಮಾಡಿದರು. ಮಾತಿನ ನಡುವೆಯೇ ಗಂಡನತ್ತ ತಿರುಗಿದರು.

"ರೀ, ಅಕ್ಕ ಗುಂಡಿ ಒತ್ತಿದ್ರೆ ಉಸಿರೇ ಇಲ್ವಂತೆ! ಇಡೀ ದಿನಕ್ಕೆ ಅವಳಿಗಿರೋದು ಅದೊಂದೇ. ಏನು ಮಾಡಿದ್ರಿ?"

"ನಾನೇನೂ ಮಾಡಿಲ್ಲ ಕಣೇ!"

"ಏನೂ ಮಾಡದೆ ಕೆಟ್ಟಿದೆ ಅಂದ್ರೆ ನಿಮ್ಮ ಕೆಲಸ ಅಲ್ಲ ಬಿಡಿ."

ಸುರುಳಿ ಮಾವ ಡಬ್ಬಿಯನ್ನು ತಿರುಗಿಸಿ ನೋಡಿದರು. ಬೀಗದ ಕೈ ಇದ್ದಲ್ಲಿ ತೂತು ಬಾಯಿ ತೆರೆದಿತ್ತು. ಅದನ್ನು ಯಾರೋ ಕಿತ್ತಮೇಲೂ ಡಬ್ಬಿ ಕರೆಂಟು ಹೋಗುವ ತನಕ ನೆನಪಿನ ಬಲದಲ್ಲೇ ಓಡಿತ್ತು! ಎದ್ದವರಿಗೆ ಎಬ್ಬಿಸಿದವರು ಬೇಡ. ಮತ್ತೆ ಮಲಗಿದಾಗಲೇ ಅವರ ಬೆಲೆ ತಿಳಿಯುವುದು. ಈ ತತ್ವ ಹೊಳೆದರೂ ಅದನ್ನು ಹೆಂಡತಿಯ ಮುಂದೆ ಹೇಳುವ ಧೈರ್ಯ ಅವರಿಗೆ ಬರಲಿಲ್ಲ.

ಮನೆ ತಲೆಕೆಳಗಾಯಿತು. ಹಾಸಿಗೆ ಕೊಡವಿದರು, ಪೊರಕೆಯನ್ನೂ ಕೊಡವಿದರು. "ನೀನೇ ಧೂಳು ಹೊಡೀವಾಗ ತೆಗೆದಿದ್ದೀಯ" ಎಂದರು. "ಅಲ್ಲಿ ಧೂಳು ಹೊಡೆದ್ರೆ ಕೈ ಮುರೀತೀನಿ ಅಂದೋರು ಯಾರು?" ಎಂಬ ಉತ್ತರ ಬಂತು. ಭಾವಮೈದನನ್ನು ಕರೆಯೋಣವೆಂದರೆ ಮೀಸೆ ಅಡ್ಡ ಬಂತು.

ಹೀಗಿರುವಾಗ ಬೀಗರ ಫೋನ್.

"ಬೀಗರೇ, ಕ್ಷಮಿಸ್ಬೇಕು. ಅವತ್ತು ಹೊರಡುವಾಗ ನೋಡ್ತೀನಿ, ನಿಮ್ಮ ಡಬ್ಬಿಗೆ ಬೀಗದ ಕೈ ಹಾಗೇ ಬಿಟ್ಟಿದ್ದೀರಿ! ಅದೂ ಬಾಗಿಲ ಪಕ್ಕ! ಕಳ್ಳನಿಗೆ ಎಲೆ ಹಾಕಿ ಕರೆದ ಹಾಗೆ. ಕಿತ್ತು ಜೇಬಿಗೆ ಹಾಕ್ಕೊಂಡೆ. ನಿಮ್ಮ ಕೈಗೆ ಕೊಡೋದು ಮರೆತು ಬಂದ್ಬಿಟ್ಟೆ."

"ಅಯ್ಯೋ ಪುಣ್ಯಾತ್ಮರೇ! ಜೋಪಾನವಾಗಿದೆ ತಾನೇ?"

"ಜೋಪಾನವೇ? ರಿಪೇರೀನೂ ಮಾಡಿಸಿದ್ದೀನಿ!"

ಸುರುಳಿ ಮಾವ ಗೋಡೆ ಹಿಡಿದುಕೊಂಡರು. "ಏನು... ರಿಪೇರಿ?"

"ಹಲ್ಲೇ ಇರ್ಲಿಲ್ಲ ಬೀಗರೇ ಅದಕ್ಕೆ! ಪೂರಾ ಸವೆದು ಬೋಳಾಗಿತ್ತು. ಬೀಗರ ಮನೆ ವಸ್ತು ಬೋಳಾಗಿ ವಾಪಸ್ ಕೊಡೋದೇ? ಕೀಲಿ ಮಾಡೋನ ಹತ್ರ ಹೋಗಿ ನನ್ನ ಗೋದಾಮಿನ ಕೀಲಿ ನೋಡ್ಕೊಂಡು ಹಲ್ಲು ಕೊಯ್ಸಿದ್ದೀನಿ. 'ಇದೆಂಥ ಕೀಲಿ ಸ್ವಾಮಿ' ಅಂತ ಅವನೂ ತಲೆ ಕೆರ್ಕೊಂಡ. ಹೇಳಿದಷ್ಟು ಮಾಡಯ್ಯ ಅಂದೆ."

"ಗೋದಾಮಿನ ಕೀಲಿ ನೋಡ್ಕೊಂಡು ಕೊಯ್ಸಿದ್ರೆ ನಮ್ಮ ಡಬ್ಬಿಗೆ ಹೇಗೆ..."

"ಅದಕ್ಕೇ ಜೊತೆಗೆ ಬೀಗಾನೂ ಕಳಿಸ್ತಾ ಇದ್ದೀನಿ!"

ಎರಡು ದಿನಕ್ಕೆ ಪೊಟ್ಟಣ ಬಂತು. ಒಳಗೆ ಮೊಣಕೈ ಗಾತ್ರದ ಕಬ್ಬಿಣದ ಬೀಗ, ಅದರ ಜೊತೆ ಗರಗಸದಂಥ ಹಲ್ಲು ಕಿರಿಯುತ್ತಿದ್ದ ಪೆನ್‌ಡ್ರೈವ್. ಹಾಕಿ ತಿರುಗಿಸಿದರೆ ಬೀಗ ನಿಜಕ್ಕೂ ತೆರೆಯಿತು; ಡಬ್ಬಿಗೆ ಚುಚ್ಚಿದರೆ ಡಬ್ಬಿ ಮಾತ್ರ ಏಳಲಿಲ್ಲ! ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಅಳುವೋ ನಗುವೋ ನೋಡಲು ಸುರುಳಿ ಮಾವ ಹೋಗಲಿಲ್ಲ. ಅಂಗಿ ತೊಟ್ಟು ನೆಟ್ಟಗೆ ಭಾವಮೈದನ ಅಂಗಡಿಗೆ ಹೋದರು.

"ಆ ಚಿಕ್ಕದು ಕೊಡೋ."

"ಯಾವ ಚಿಕ್ಕದು, ಭಾವ?"

"ಬಾಯಿ ಬಿಡಿಸ್ಬೇಡ. ಹನಿ ಕುಡಿಯೋದು."

ಭಾವಮೈದ ನಗಲಿಲ್ಲ. ನಗದಿದ್ದದ್ದೇ ಹೆಚ್ಚು ಉರಿಯಿತು.

ಎಸ್‌ಎಸ್‌ಡಿ ಡಬ್ಬಿಯ ಒಳಗೇ ಕೂತಿತು, ಹೊರಗೆ ಬಾಲವಿಲ್ಲ. ಡಬ್ಬಿ ಎದ್ದಿತು. ಕಥೆಗಳೆಲ್ಲ ದೊಡ್ಡ ಡಿಸ್ಕಿನಲ್ಲಿ ಹಾಗೇ ಇದ್ದವು. ಹೆಂಡತಿ ಹೊಲಿಗೆ ತರಗತಿಯಲ್ಲಿದ್ದರು. ಸರಿಯಾಗಿದೆಯೋ ನೋಡೋಣವೆಂದು ಸುರುಳಿ ಮಾವ ಒಂದನ್ನು ಹಚ್ಚಿದರು. ಇಷ್ಟು ದಿನ ವಾಟ್ ಲೆಕ್ಕ ಹಾಕಿದವರು, ಹೆಂಡತಿ ಓದಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

"'...ಅವಳು ಬಾಗಿಲು ತೆರೆದಾಗ ಹೊರಗೆ ನಿಂತಿದ್ದವನು...' ತಡಿ ಅಕ್ಕ, ಒಳಗೇನೋ ಬಿತ್ತು. ಏಣಿ ಇರ್ಬೇಕು. ಮೇಲಿದ್ದೋರು ಬಿದ್ದಿದ್ರೆ ಕೂಗ್ತಿದ್ರು. ಹಾಂ, 'ನಿಂತಿದ್ದವನು...'"

ಸುರುಳಿ ಮಾವ ಬೆಚ್ಚಿದರು. ಮುಂದಿನದು ಹಚ್ಚಿದರು.

"ಅಕ್ಕ, ಇವತ್ತು ಕಥೆ ಕಮ್ಮಿ, ಸುದ್ದಿ ಜಾಸ್ತಿ. ನಮ್ಮ ತಮ್ಮನ ಅಂಗಡೀಲಿ ಕೋಳಿ ಸಂಬಳದ ಬಗ್ಗೆ ಭಾಷಣ ಆಯ್ತು..."

ಇನ್ನೊಂದು. ಇದರಲ್ಲಿ ದನಿ ತಗ್ಗಿತ್ತು. "ನಿನ್ನೆ ಬೆಸುಗೆ ಹಾಕುವಾಗ ಬೆರಳು ಸುಟ್ಕೊಂಡಿದಾರೆ. ಹೇಳಿಲ್ಲ. ನಾನೂ ಕೇಳಿಲ್ಲ. ಮುಲಾಮು ಎಡವೋ ಜಾಗದಲ್ಲಿ ಇಟ್ಟಿದ್ದೀನಿ. ನಿನ್ನ ಗುಂಡಿಗೋಸ್ಕರ ಸುಟ್ಕೊಂಡಿದ್ದು ಅಕ್ಕ ಅದು."

ಆ ಮುಲಾಮಿನ ಕೊಳವೆಯನ್ನು ಚಪ್ಪಲಿಯ ಪಕ್ಕದಿಂದ ಎತ್ತಿಕೊಂಡು, ಯಾರೋ ಬೀಳಿಸಿಕೊಂಡಿದ್ದು ತನ್ನ ಅದೃಷ್ಟ ಎಂದುಕೊಂಡಿದ್ದರು ಅವರು. ಕಲೆಯಾಗಿದ್ದ ಬೆರಳನ್ನು ತಿರುಗಿಸಿ ನೋಡಿಕೊಂಡರು.

ಆಮೇಲೆ ತಾವೇ ಫೋನ್ ಮಾಡಿದರು.

"ಅಕ್ಕ, ಡಬ್ಬಿ ಎದ್ದಿದೆ. ಗುಂಡಿ ಒತ್ತಿ. ಅವಳು ಬಾಗಿಲು ತೆಗೆದಮೇಲೆ ಏನಾಯ್ತು ಅಂತ ಕಾಯ್ತಾ ಇದ್ರೇನೋ, ತಪ್ಪಾಯ್ತು."

ಆ ಕಡೆಯಿಂದ ಅಕ್ಕ ನಕ್ಕರು. "ಆ ಕಾದಂಬರಿಯೇ? ಕಣ್ಣಿದ್ದಾಗ ನಾನೇ ಅದನ್ನ ಎರಡು ಸಲ ಓದಿದ್ದೀನಿ. ಅವಳ ಹತ್ರ ಇರೋದು ನಾನು ಕೊಟ್ಟ ಪುಸ್ತಕಾನೇ. ಅದರ ಕೊನೆ ನನಗೆ ಗೊತ್ತು. ನಿಮ್ಮದು ಹೇಳಿ! ಬೀಗದ ಕೈ ಕಳೆದಿದೆ, ಮನೆ ತಲೆಕೆಳಗಾಗಿದೆ ಅಂತ ಹೇಳಿ ಅವಳು ಫೋನಿಟ್ಟಳು. ನಾಲ್ಕು ದಿನದಿಂದ ನನಗೆ ನಿದ್ದೆ ಇಲ್ಲ. ಕೊನೆಗೆ ಸಿಕ್ತಾ? ಬೀಗರು ಬಂದಿದ್ದರಂತಲ್ಲ, ಅಲ್ಲಿಂದ ಶುರು ಮಾಡಿ."

ಸುರುಳಿ ಮಾವ ಕುರ್ಚಿ ಎಳೆದುಕೊಂಡು ಕೂತರು. ಗಂಟಲು ಸರಿಮಾಡಿಕೊಂಡರು. ಜೀವಮಾನದಲ್ಲಿ ಮೊದಲ ಬಾರಿಗೆ ಮಾತು ಸುತ್ತದೆ ನೇರವಾಗಿ ಬಂತು.

"ಅಲ್ಲಿಂದ ಅಲ್ಲ ಅಕ್ಕ, ಇನ್ನೂ ಸ್ವಲ್ಪ ಹಿಂದಿನಿಂದ. ಮೊದಲು ಬೀಗಿದ್ದು ನಾನು. ಬೀಗರು ಬಂದಿದ್ದು ಆಮೇಲೆ."