ಕಡ್ಡಿ ಡಾಕ್ಟರ್ ಚಿಕ್ಕಪ್ಪ

ನಾನು ನಿಂತಿದ್ದದ್ದು ನಮ್ಮ ಕಾಫಿ ಒಣಗಿಸುವ ಕಣದ ನಡುವೆ. ನಮ್ಮ ಕಣಕ್ಕೂ ಚಿಕ್ಕಪ್ಪನ ಕಣಕ್ಕೂ ಮಧ್ಯೆ ಎದೆಮಟ್ಟದ ಒಂದು ಗೋಡೆ ಇದೆ; ಅದರಿಂದ ಎಂಟು ಹೆಜ್ಜೆ ಈಚೆಗೆ. ಫೆಬ್ರವರಿ ತಿಂಗಳು, ಗುರುವಾರ, ಬೆಳಿಗ್ಗೆ ಹನ್ನೊಂದೂಕಾಲು. ಹೆಗಲ ಮೇಲೆ ಒಂದು ಚೀಲ ಕಾಫಿ ಇತ್ತು. ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ ಹೀಗೆಯೇ ಹೇಳುತ್ತೇನೆ. ಆದರೆ ಅಲ್ಲಿ ಕಂಡದ್ದನ್ನು ಹೇಳುವ ಮೊದಲು ಚಿಕ್ಕಪ್ಪ ಎಂಥವರೆಂದು ಹೇಳದಿದ್ದರೆ ನೀವು ನಂಬುವುದಿಲ್ಲ. ಆಲೂರು ತಾಲ್ಲೂಕಿನಲ್ಲಿ ಯಾರ ಮನೆಯ ಟಿ.ವಿ. ಕೆಟ್ಟರೂ ಅವರು ಸರಿಮಾಡಬಲ್ಲವರಾಗಿದ್ದರು, ಒಂದೇ ಒಂದನ್ನು ಬಿಟ್ಟು. ಅದು ಅವರ ಸ್ವಂತದ್ದು!

ಅದಕ್ಕೆ ಕಾರಣವಿತ್ತು. ಅವರ ಟಿ.ವಿ.ಯ ಅರ್ಧ ಕಾಯಿಲೆ ನಮ್ಮ ಮನೆಯಲ್ಲಿತ್ತು. ಕೆ. ಹೊಸಕೋಟೆಯಿಂದ ನಮ್ಮ ಕಡೆಗೆ ಇಂಟರ್‌ನೆಟ್ ತಂತಿ ಎಳೆದವರು, ಇಷ್ಟು ದೂರಕ್ಕೆ ಒಂದೇ ಲೈನು ಎಂದುಬಿಟ್ಟರು. ವೈಫೈ ಡಬ್ಬ ನಮ್ಮಲ್ಲಿ ಕೂತಿತು. ಪಾಸ್‌ವರ್ಡನ್ನು ನಾನು ಗುಟ್ಟಾಗಿ ಚಿಕ್ಕಪ್ಪನಿಗೆ ಕೊಟ್ಟೆ. ಗುಟ್ಟಾಗಿ ಯಾಕೆಂದರೆ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟ ಒಂದು ವರ್ಷ ಇಬ್ಬರ ತೋಟಕ್ಕೂ ಸೇರಿ ಇದ್ದದ್ದು ಒಂದೇ ಸ್ಪ್ರಿಂಕ್ಲರ್ ಎಂಜಿನ್ನು. ಆ ದಿನ ಯಾರ ಸರದಿ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಅವರು ಜಗಳವಾಡಿ ಮುಗಿಸುವಷ್ಟರಲ್ಲಿ ಎರಡೂ ತೋಟದ ಮೊಗ್ಗು ಒಣಗಿತ್ತು. ಆ ಬೇಸಿಗೆಯಲ್ಲೇ ಮನೆಯ ನಡುವೆ ಗೋಡೆ ಎದ್ದಿತು, ಕಣದ ನಡುವೆಯೂ.

ಈಗ ಕಡ್ಡಿಯ ವಿಷಯಕ್ಕೆ ಬರೋಣ. ಟಿ.ವಿ.ಯ ಬೆನ್ನಿಗೆ ಚುಚ್ಚುವ ಆ ಬೆರಳುದ್ದದ ವಸ್ತುವಿಗೆ ಅಂಗಡಿಯವರು ಏನೇನೋ ಹೆಸರು ಹೇಳುತ್ತಾರೆ. ಚಿಕ್ಕಪ್ಪನಿಗೆ ಅದು ‘ಕಡ್ಡಿ’. ಸಿನಿಮಾ, ಧಾರಾವಾಹಿ ಎಲ್ಲ ಇದರ ಮೂಲಕ ಬರುತ್ತದೆ ಎಂದು ನಾನು ವಿವರಿಸಿದಾಗ ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರು. ಕಣದ ಕಾಫಿಯನ್ನು ನಮ್ಮವರು ಪರೀಕ್ಷಿಸುವುದು ಹಾಗೆ. ಗಲಗಲ ಎಂದರೆ ಒಣಗಿದೆ, ಇಲ್ಲವಾದರೆ ಇನ್ನೆರಡು ಬಿಸಿಲು ಬೇಕು. ಕಡ್ಡಿ ಗಲಗಲ ಎನ್ನಲಿಲ್ಲ.

“ಇನ್ನೂ ಹಸಿ ಐತೆ ಕಣೋ,” ಎಂದರು!

ಅವರ ವೈದ್ಯದ ಮೊದಲ ಸೂತ್ರ ವಿಶ್ರಾಂತಿ. ಮೂವತ್ತು ವರ್ಷ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಂಜಿನ್ ಓಡಿಸಿದವರು. ಯಾವ ಯಂತ್ರವೂ ಕೆಡುವುದಿಲ್ಲ, ದಣಿಯುತ್ತದೆ ಅಷ್ಟೆ ಎಂಬುದು ಅವರ ನಂಬಿಕೆ. ಚಿತ್ರ ನಿಂತುಹೋಯಿತೇ? ಪ್ಲಗ್ ಕಿತ್ತು ಒಂದು ಕಾಫಿ ಕುಡಿಯಿರಿ. ಹೀಗೆ ಮಾಡಿದರೆ ಹತ್ತರಲ್ಲಿ ಏಳು ಕಡ್ಡಿ ಎದ್ದು ಕೂರುತ್ತಿದ್ದವು, ಸುಳ್ಳು ಹೇಳಬಾರದು. ಕುಂದೂರಿನ ನೆಂಟರ ಮನೆಯಲ್ಲಿ ಮಾತ್ರ ಒಂದು ಎಡವಟ್ಟಾಯಿತು. ಅಲ್ಲಿ ಒಂದೇ ಬೋರ್ಡಿನಲ್ಲಿ ನಾಲ್ಕು ಪ್ಲಗ್ ಇದ್ದವು. ಯಾವುದು ಯಾವುದರದೆಂದು ತಿಳಿಯದೆ ಚಿಕ್ಕಪ್ಪ ನಾಲ್ಕಕ್ಕೂ ರಜೆ ಕೊಟ್ಟರು. ಆಮೇಲೆ ಎರಡನ್ನು ಮಾತ್ರ ಹಾಕಿ, ಟಿ.ವಿ. ಬಂತೆಂದು ಎಲೆಅಡಿಕೆ ಹಾಕಿಕೊಂಡು ಬಂದರು. ಮೂರನೆಯದು ಫ್ರಿಜ್ಜಿನದು. ಅದರೊಳಗೆ ಮರುದಿನದ ಬೀಗರೂಟದ ಮಾಂಸವಿತ್ತು. ಟಿ.ವಿ. ಬಂತು, ಬೀಗರು ಬಂದರು, ಊಟಕ್ಕೆ ಸೊಪ್ಪಿನ ಸಾರು!

ಎರಡನೆಯ ಸೂತ್ರ ಜ್ವರ ನೋಡುವುದು. ಬೇಸಿಗೆಯಲ್ಲಿ ಕಡ್ಡಿ ಕಾದು ಚಿತ್ರ ತಡವರಿಸುತ್ತಿತ್ತು. ಚಿಕ್ಕಪ್ಪ ಕೈಯ ಹಿಂಭಾಗವನ್ನು ಅದರ ಮೇಲಿಟ್ಟು “ನೂರಾಎರಡು ಐತೆ” ಎಂದರು. ಟಿ.ವಿ.ಯ ಬಿಸಿ ತಾಗದ ಹಾಗೆ ಒಂದು ತುಂಡು ವಯರಿನಲ್ಲಿ ಅದನ್ನು ಈಚೆಗೆ ಎಳೆದು, ಕ್ಯಾಲೆಂಡರಿನ ಮೊಳೆಗೆ ನೇತುಹಾಕಿ, ಮನೆಯಲ್ಲಿದ್ದ ಏಕೈಕ ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿದರು. ಮನೆಗೆ ಬಂದವರು ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂರಬೇಕು.

“ನನಗೆ ಹೆರಿಗೆ ಆದಾಗ್ಲೂ ಇಷ್ಟು ನೋಡ್ಕಂಡಿರ್ಲಿಲ್ಲ,” ಎಂದರು ಚಿಕ್ಕಮ್ಮ.

“ಆಗ ನಮ್ಮನೇಲಿ ಫ್ಯಾನ್ ಎಲ್ಲಿತ್ತೇ?” ಎಂದರು ಚಿಕ್ಕಪ್ಪ.

ರಿಮೋಟಿನದು ಇನ್ನೊಂದು ಕಥೆ. ಗುಂಡಿ ಒತ್ತಿದರೆ ಕೆಲಸ ಮಾಡುತ್ತಿರಲಿಲ್ಲ. ಸೆಲ್ ಬದಲಿಸಿ ಎಂದೆ. “ಮಳೆಗಾಲದ ತೇವ ಒಳಗೆ ಕೂತೈತೆ” ಎಂದು ಅವರು ಅದನ್ನು ಕಣದಲ್ಲಿ, ಕಾಫಿಯ ಪಕ್ಕದಲ್ಲಿ ಬಿಸಿಲಿಗಿಟ್ಟರು. ಎರಡೂ ಮನೆಯ ಕಣದ ಕೆಲಸಕ್ಕೆ ಬರುತ್ತಿದ್ದ ಪುಟ್ಟಮ್ಮ ಸಂಜೆ ಕಾಫಿ ಎಳೆದು ರಾಶಿ ಮಾಡಿ, ಚೀಲಕ್ಕೆ ತುಂಬಿ, ಹೊಲಿದು ಹೋದಳು. ಬೆಳಿಗ್ಗೆ ರಿಮೋಟ್ ಇಲ್ಲ. ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಸುರಿದೆವು. ಸಿಕ್ಕಿದ್ದು ಒಂಬತ್ತನೆಯದರಲ್ಲಿ.

“ಅಯ್ಯೋ ಗೌಡ್ರೇ, ಕೈಗೆ ಸಿಕ್ತು. ಯಾವ್ದೋ ಉದ್ದದ ಕಾಯಿ ಅಂದ್ಕಂಡೆ!” ಎಂದಳು ಪುಟ್ಟಮ್ಮ.

ಚಿಕ್ಕಪ್ಪ ಹೊಸ ಸೆಲ್ ಹಾಕಿದರು, ಒತ್ತಿದರು. ಟಿ.ವಿ. ಬಂತು. “ನೋಡ್ದ್ಯಾ, ಒಣಗಿತು!” ಎಂದರು.

ಇಷ್ಟಾದರೂ ಅವರ ಕೀರ್ತಿ ಹಬ್ಬಿತು. ಹೆಗ್ಗದ್ದೆಯಿಂದೆಲ್ಲ ಫೋನು. ಅವರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಔಷಧಿ ಹೇಳುತ್ತಿದ್ದರು. “ಟಿ.ವಿ. ತೂತಿಂದ ಕರೆಂಟ್ ಕೊಟ್ರೆ ಅದ್ಕೆ ಅರೆಹೊಟ್ಟೆ ಕಣ್ರೀ, ಗೋಡೆ ಪ್ಲಗ್ಗಿಗೆ ಹಾಕಿ... ಜಾಗ ಇಲ್ಲ ಅಂತೈತಾ? ಕಾಫಿ ಗಿಡದ ಬೇಡದ ಚಿಗುರು ತೆಗೀತೀರೋ ಇಲ್ವೋ? ಹಂಗೇ ಬೇಡದ ಆ್ಯಪ್ ಕಿತ್ತಾಕಿ ಮಾರಾಯ್ರೇ!” ಕೊನೆಯ ಔಷಧಿ ಯಾವಾಗಲೂ ಒಂದೇ: “ಯಾವ್ದಕ್ಕೂ ಬಗ್ಗದಿದ್ರೆ ವೈಫೈ ಡಬ್ಬ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.”

ಊರಿಗೆಲ್ಲ ಹೇಳುವ ಈ ಔಷಧಿಯನ್ನು ಅವರು ತಾವೇ ಮಾಡುವಂತಿರಲಿಲ್ಲ. ಡಬ್ಬ ಅಪ್ಪನ ಕೋಣೆಯಲ್ಲಿ, ಬೀರುವಿನ ಮೇಲಿತ್ತು. ಚಿಕ್ಕಪ್ಪ ಕಣದ ಗೋಡೆಯ ಮೇಲಿಂದ ಬಗ್ಗಿ ನನ್ನನ್ನು ಕರೆಯುವುದು, ನಾನು ಅಪ್ಪ ಸ್ನಾನಕ್ಕೆ ಹೋಗುವುದನ್ನು ಕಾದು ಡಬ್ಬ ಆಫ್ ಮಾಡುವುದು. ಗುಟ್ಟು ಎಷ್ಟು ದಿನ ಉಳಿದೀತು? ಒಂದು ದಿನ ಅಪ್ಪ ಕೇಳಿಯೇಬಿಟ್ಟರು.

“ನಮ್ಮನೆಯಿಂದ ಆ ಮನೆಗೆ ಏನಾದ್ರೂ ಹೋಗ್ತಾ ಐತಾ?”

“ವೈರ್ ಏನೂ ಹೋಗಿಲ್ಲಪ್ಪ. ಗಾಳಿಯಲ್ಲಿ ಹೋದರೆ...”

“ಗಾಳಿ ಯಾರಪ್ಪಂದು? ಹೋಗ್ಲಿ ಬಿಡು,” ಎಂದರು ಅಪ್ಪ.

ಅದಾಗಿ ಒಂದು ವಾರಕ್ಕೆ ಡಬ್ಬ ಬೀರುವಿನ ಮೇಲಿರಲಿಲ್ಲ. ಕಣದ ಕಡೆಯ ಕಿಟಕಿಯಲ್ಲಿ, ಚಿಕ್ಕಪ್ಪನ ಮನೆಗೆ ಮುಖ ಮಾಡಿ ಕೂತಿತ್ತು. ಯಾರು ಇಟ್ಟರೆಂದು ನಾನು ಕೇಳಲಿಲ್ಲ. ಮನೆಯಲ್ಲಿ ಇದ್ದವರು ನಾನು ಮತ್ತು ಅಪ್ಪ ಇಬ್ಬರೇ.

ಆ ವರ್ಷ ಚಿಕ್ಕಪ್ಪನ ಮಗಳಿಗೆ ಮದುವೆ ಗೊತ್ತಾಯಿತು. ನಮ್ಮ ಕಡೆ ಲಗ್ನಪತ್ರಿಕೆ ಕೊಟ್ಟರೆ ಸಾಲದು, ಹೆಣ್ಣಿನ ತಂದೆಯೇ ಎದುರು ನಿಂತು ಬಾಯಿಬಿಟ್ಟು ಕರೆಯಬೇಕು. ಕರೆಯದಿದ್ದರೆ ಒಡಹುಟ್ಟಿದವನೂ ಹೋಗುವಂತಿಲ್ಲ. ಚಿಕ್ಕಪ್ಪ ಸಕಲೇಶಪುರದ ತನಕ ಕರೆದು ಬಂದರು, ಪಕ್ಕದ ಮನೆಯೊಂದು ಉಳಿಯಿತು. ಚಿಕ್ಕಮ್ಮ ಬೈದರು, ಅತ್ತರು. “ನಾಳೆ ಹೋಗ್ತೀನಿ” ಎನ್ನುತ್ತಾ ಚಿಕ್ಕಪ್ಪ ಯಾರದೋ ಕಡ್ಡಿ ರಿಪೇರಿಗೆ ಹೊರಟುಬಿಡುತ್ತಿದ್ದರು. ಚಿಕ್ಕಪ್ಪನ ಬೈಕಿನ ಸದ್ದಾದಾಗಲೆಲ್ಲ ಅಪ್ಪ ಬಾಗಿಲಿನ ಕಡೆ ನೋಡುತ್ತಿದ್ದರು. ನಾನು ನೋಡಿದ್ದೇನೆ. ಧಾರೆಗೆ ಮೂರು ದಿನ ಉಳಿಯಿತು.

ಅದೇ ಗುರುವಾರ. ಮಧ್ಯಾಹ್ನ ಗಂಡಿನ ಕಡೆಯವರು ಬರುವವರಿದ್ದರು. ನಿಶ್ಚಿತಾರ್ಥದ ಫೋಟೋಗಳನ್ನು ಟಿ.ವಿ.ಯಲ್ಲಿ ತೋರಿಸುತ್ತೇನೆಂದು ಚಿಕ್ಕಪ್ಪ ಕೊಚ್ಚಿಕೊಂಡಿದ್ದರು. ಕಡ್ಡಿ ಕೈಕೊಟ್ಟಿತು. ವಿಶ್ರಾಂತಿ ಕೊಟ್ಟರು, ಫ್ಯಾನ್ ಹಾಕಿದರು, ಅಲ್ಲಾಡಿಸಿದರು. ಕೊನೆಗೆ ಅವರ ಜಗಲಿಯಿಂದ ಕೂಗಿದರು: “ಲೋ, ಆ ಡಬ್ಬ ಒಂಚೂರು ಆಫ್ ಮಾಡೋ!”

ನನ್ನ ಹೆಗಲ ಮೇಲೆ ಚೀಲ. “ತಡೀರಿ ಚಿಕ್ಕಪ್ಪ, ಬಂದೆ” ಎಂದೆ.

ಆಗ ನಮ್ಮ ಮನೆಯ ಕಿಟಕಿಯಿಂದ ಧ್ವನಿ ಬಂತು. “ಆಫ್ ಮಾಡಿದ್ದೀನಿ.”

ಪುಟ್ಟಮ್ಮ ಕಾಫಿ ಎಳೆಯುತ್ತಿದ್ದ ಹಲಗೆ ನಿಂತಿತು. ನಾನು ಚೀಲ ಇಳಿಸಲಿಲ್ಲ; ಇಳಿಸಬೇಕೆಂದು ಹೊಳೆಯಲೇ ಇಲ್ಲ. ಚಿಕ್ಕಪ್ಪ ಜಗಲಿಯ ಕಂಬ ಹಿಡಿದುಕೊಂಡರು.

“ಎಷ್ಟೊತ್ತು ಬಿಡ್ತೀಯ?” ಎಂದರು ಚಿಕ್ಕಪ್ಪ.

“ಡಾಕ್ಟ್ರು ನೀನು. ನೀನೇ ಹೇಳು.”

“ಅರ್ಧ ನಿಮಿಷ.”

ಅಪ್ಪ ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು... ನನಗೆ ಏಳೆಂಟು ವರ್ಷವಿದ್ದಾಗ ಇದೇ ಕಣದ ಅಂಚಿನ ಸಿಲ್ವರ್ ಮರದ ತುದಿಗೆ ಆಂಟೆನಾ ಕಟ್ಟಿದ್ದರು. ಗಾಳಿಗೆ ಅದು ತಿರುಗಿದಾಗಲೆಲ್ಲ ಚಿಕ್ಕಪ್ಪ ಮರ ಹತ್ತುವುದು, ಅಪ್ಪ ಕಿಟಕಿಯಲ್ಲಿ ನಿಂತು ಕೂಗುವುದು. “ಬಂತಾ?” “ಹೋಯ್ತು!” “ಈಗ?” “ಚುಕ್ಕಿಚುಕ್ಕಿ! ಹಾಂ, ಹಾಂ, ಅಲ್ಲೇ ನಿಲ್ಲು, ಅಳ್ಳಾಡ್ಬೇಡ!” ಚಿತ್ರ ಬಂದ ಮೇಲೂ ಅಪ್ಪ ಬೇಕೆಂದೇ ಬಂದಿಲ್ಲ ಎನ್ನುತ್ತಿದ್ದರು. ಮರದ ಮೇಲಿಂದ ತಮ್ಮ ಬಯ್ಯುವುದನ್ನು ಕೇಳಿ ನಗುವುದಕ್ಕೆ. ಇಬ್ಬರಿಗೂ ಆಗ ಎಂಥ ಗಂಟಲಿತ್ತು!

“...ಮೂವತ್ತು. ಹಾಕ್ದೆ. ಬಂತಾ?”

ಚಿಕ್ಕಪ್ಪ ಒಳಗೆ ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಒಳಗೆ ತಿರುಗಿ ನೋಡಿ “ಬಂತು ಕಣ್ರೀ!” ಎಂದದ್ದೂ ಅವರಿಗೆ ಕೇಳಿಸಿದಂತಿರಲಿಲ್ಲ. ಜಗಲಿ ಇಳಿದು, ಒಣಗಲು ಹರಡಿದ್ದ ಕಾಫಿಯನ್ನು ತುಳಿದುಕೊಂಡೇ ಗೋಡೆಯ ಹತ್ತಿರ ಬಂದರು. ಕಾಫಿ ತುಳಿದವರನ್ನು ಜನ್ಮದಲ್ಲಿ ಬಿಟ್ಟವರಲ್ಲ ಅವರು.

“ಅಣ್ಣ,” ಎಂದರು. “ಭಾನುವಾರ ಮಗೀಗೆ ಧಾರೆ. ನೀನು ಬಂದು ಮುಂದೆ ನಿಂತ್ಕಬೇಕು.”

ಕಿಟಕಿಯಲ್ಲಿ ಅಪ್ಪನ ಮುಖ ಕಾಣಲಿಲ್ಲ, ಸರಳು ಹಿಡಿದಿದ್ದ ಕೈ ಮಾತ್ರ ಕಾಣುತ್ತಿತ್ತು.

“ಮುಹೂರ್ತ ಎಷ್ಟೊತ್ತಿಗೆ?”

“ಒಂಬತ್ತೂಕಾಲಿಗೆ.”

“ಹಂಗಾದ್ರೆ ಆರಕ್ಕೇ ಹೊರಡ್ಬೇಕು.”

ಇಷ್ಟೇ ಆಡಿದ ಮಾತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಚಿಕ್ಕಪ್ಪ ತೀರಿಕೊಂಡು ಈ ಸುಗ್ಗಿಗೆ ಎರಡು ವರ್ಷ. ಆ ದಿನ ಕಂಡವರಲ್ಲಿ ಉಳಿದಿರುವವರು ನಾಲ್ಕು ಜನ. ಚಿಕ್ಕಮ್ಮ ಇದ್ದಾರೆ, ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಾರೆ. ಪುಟ್ಟಮ್ಮ ಇದ್ದಾಳೆ, ಈಗ ಕೆಲಸಕ್ಕೆ ಬರುವುದಿಲ್ಲ, ಕೇಳಿದರೆ ಹೇಳುತ್ತಾಳೆ. ನಾನಿದ್ದೇನೆ. ಅಪ್ಪನೂ ಇದ್ದಾರೆ. ಅವರನ್ನು ಕೇಳಿದರೆ, ತಾನು ಮೋಡ ನೋಡುವುದಕ್ಕೆ ಕಿಟಕಿಗೆ ಬಂದಿದ್ದೆ, ಬೇರೇನೂ ನೆನಪಿಲ್ಲ ಎನ್ನುತ್ತಾರೆ. ಫೆಬ್ರವರಿಯಲ್ಲಿ, ಹನ್ನೊಂದೂಕಾಲರ ಬಿಸಿಲಲ್ಲಿ, ಮೋಡ.