ಚಪ್ಪಲಿ ಬಿಟ್ಟು ಬೆಲೆ ಕಟ್ಟುವವರು

ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿಯ ನಮ್ಮ ಆಫೀಸಿನಲ್ಲಿ ನಗುವಿಗೆ ಬರವೇ ಇಲ್ಲ. ಸಾಲ ಕೊಡುವ ಬ್ಯಾಂಕುಗಳಿಗೆ ಮನೆ, ಸೈಟುಗಳ ಬೆಲೆ ಕಟ್ಟಿಸಿಕೊಡುವುದು ಕಂಪನಿಯ ಕೆಲಸ. ಬೆಲೆ ಕಟ್ಟುವವರನ್ನು ಹುಡುಕಿ ಕಳಿಸುವುದು ನನ್ನ ಕೆಲಸ. ಕಡಿಮೆ ಫೀಸಿನವರನ್ನೇ ಕಳಿಸು ಎನ್ನುವುದು ಮ್ಯಾನೇಜರ ಕೆಲಸ.

1. ಪಕ್ಕದ ಮನೆ

ಅರ್ಧ ಫೀಸಿಗೆ ಒಪ್ಪಿದ ಹೊಸಬರೊಬ್ಬರು ಸಿಕ್ಕಿದರು. ದಿನಕ್ಕೆ ಆರು ವರದಿ. ಬೈಕಿನಿಂದ ಇಳಿಯುವುದೇ ಅಪರೂಪ. ಬೂದಿಗೆರೆಯ ಹೆಂಚಿನ ಮನೆಯೊಂದಕ್ಕೆ ಎರಡಂತಸ್ತಿನ ಮನೆಯ ಫೋಟೋ ತಂದರು. ಸಾಲ ಕೇಳಿದವರ ಬಾಗಿಲಲ್ಲಿ ನಾಯಿ ಇತ್ತಂತೆ, ಅದಕ್ಕೆ ಪಕ್ಕದ ಮನೆಯದು ತೆಗೆದರಂತೆ.

ಮ್ಯಾನೇಜರು ಫೋಟೋ ನೋಡಿ, "ಟೈಮಿಗೆ ಕೊಟ್ಟಿದಾರಲ್ಲ, ಬಿಡಮ್ಮಾ" ಎಂದರು.

2. ನೇರಳೆ ಚಪ್ಪಲಿ

ರಿಟೈರಾದ ಓವರ್‌ಸಿಯರ್ ತಾತ ಇನ್ನೊಂದು ತರಹ. ಪೂರ್ತಿ ಫೀಸು, ಒಂದು ಜಾಗಕ್ಕೆ ಅರ್ಧ ದಿನ. ಬದುವಿನ ಮೇಲೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮೂಲೆಮೂಲೆ ನಡೆದ ಮೇಲೇ ಅವರು ಬೆಲೆ ಹೇಳುತ್ತಿದ್ದದ್ದು. ತೂಬಗೆರೆಯ ಒಂದು ಮನೆಯ ಜಾಗದಲ್ಲಿ ಹೀಗೆ ನಡೆದು ಬರುವಷ್ಟರಲ್ಲಿ ಚಪ್ಪಲಿಗೇ ಕಾಲು ಬಂದಿತ್ತು. ಆ ಮನೆಯ ಅಜ್ಜಿ ತನ್ನ ನೇರಳೆ ಬಣ್ಣದ ಹವಾಯಿ ಚಪ್ಪಲಿ ಕೊಟ್ಟಳು. ಹಿಮ್ಮಡಿ ಹೊರಗಿಟ್ಟುಕೊಂಡೇ ಆಫೀಸಿಗೆ ಬಂದ ತಾತ, ಅಜ್ಜಿ ಕಟ್ಟಿಕೊಟ್ಟ ಸೀಬೆಹಣ್ಣು ನನ್ನ ಟೇಬಲ್ ಮೇಲಿಟ್ಟರು. ಚಪ್ಪಲಿ ಗಟ್ಟಿಯಾಗಿವೆ ಎಂದು ಆಮೇಲೂ ಅವನ್ನೇ ಹಾಕಿಕೊಂಡು ತಿರುಗಿದರು.

"ಚಪ್ಪಲಿ ಬಿಡೋದಕ್ಕೂ ನಾವು ಫೀಸು ಕೊಡ್ಬೇಕಾ?" ಎಂದು ಮ್ಯಾನೇಜರು ತಾತನೆದುರೇ ಕೇಳಿದರು. ತಾತ ಹೋದ ಮೇಲೆ, ಪಟ್ಟಿಯಿಂದ ಹೆಸರು ತೆಗೆದು ಫೋನಿನಲ್ಲಿ ತಿಳಿಸಲು ನನಗೆ ಹೇಳಿದರು. ಆ ತಾತನೆಂದರೆ ನನಗೆ ಪ್ರಾಣ. ಒಂದು ದಿನ ಸಿಗ್ನಲ್ ಇಲ್ಲ, ಇನ್ನೊಂದು ದಿನ ಚಾರ್ಜ್ ಇಲ್ಲ ಎಂದು ವಾರ ದೂಡಿದೆ. ಆ ಫೋನೋ, ಆಫೀಸಿನ ಗೋಡೆಗೆ ಹೊಡೆದ ಲ್ಯಾಂಡ್‌ಲೈನು.

3. ಸ್ವಂತದ್ದು

ವಾರದ ಕೊನೆಗೆ ಮ್ಯಾನೇಜರು ಬಾಗಿಲು ಮುಂದೆ ಮಾಡಿ, ತಾತನಿಗೆ ಹೇಳಿಬಿಟ್ಯಾ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ.

"ಸದ್ಯ. ನಾನೊಂದು ಸೈಟು ತಗೋತಿದೀನಿ. ಅವರನ್ನೇ ಕರೆಸು, ಫೀಸು ಎಷ್ಟಾದ್ರೂ ಆಗ್ಲಿ."

ಹೊಸಬರು ಅರ್ಧಕ್ಕೇ ಬರ್ತಾರಲ್ಲ ಎಂದೆ.

"ಇದು ನನ್ನ ಸ್ವಂತದ್ದಮ್ಮಾ" ಎಂದರು.

ಮೂವರೂ ಹೋದೆವು. ತಾತ ನೇರಳೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೆದು ನಿಂತರು. ಮೇಲೆ ಹೊಸ ಮಣ್ಣು ಸುರಿದಿದ್ದಾರೆ, ಅಡಿಯಲ್ಲಿ ತಣ್ಣಗಿದೆ, ಇದು ಕೆರೆ ಅಂಗಳ, ಬೇಡಿ ಎಂದರು. ಮ್ಯಾನೇಜರು ನಂಬದೆ ಶೂ ಸಮೇತ ನಡುವಿಗೆ ನಡೆದು ಮೊಣಕಾಲಿನವರೆಗೆ ಹೂತುಕೊಂಡರು. ತಾತ ಕೈಹಿಡಿದು ಎಳೆದರು. ಮ್ಯಾನೇಜರು ಬಂದರು, ಶೂ ಬರಲಿಲ್ಲ.

ಕೆಸರುಗಾಲಲ್ಲೇ ನಿಂತು ನನ್ನ ಕಡೆ ತಿರುಗಿ, "ಆ ಫೋನ್ ಮಾಡ್ಬೇಡಮ್ಮಾ" ಎಂದರು. ನನಗೆ ಕಣ್ಣು ತುಂಬಿ ಬಂತು.

ಯಾವ ಫೋನು ಎಂದು ತಾತ ಕೇಳಲಿಲ್ಲ. ನೇರಳೆ ಚಪ್ಪಲಿಗಳನ್ನು ತಂದು ಮ್ಯಾನೇಜರ ಮುಂದಿಟ್ಟು ಹೇಳಿದರು: "ಹಾಕ್ಕೊಳ್ಳಿ ಸಾರ್. ಚಪ್ಪಲಿ ಬಿಟ್ಟುಕೊಡೋದಕ್ಕೆ ಫೀಸಿಲ್ಲ."